ಸಾಮೆಯ ಸಿಪ್ಪೆ

ಚಿತ್ರದುರ್ಗದ ಸೀಮೆಯಲ್ಲಿ ಮಳೆಯೆಂಬುದು ಬಂದರೆ ಬಂದ ನೆಂಟ, ಬಾರದಿದ್ದರೆ ಕೇಳುವವರಿಲ್ಲ. ೧೯೦೭ರಲ್ಲಿ ಮಾರಿಕಣಿವೆಯ ಕಟ್ಟೆ ಮುಗಿದು ವೇದಾವತಿಯ ನೀರು ನಿಂತ ಮೇಲೆ ಹಿರಿಯೂರಿನ ಒಂದು ಭಾಗಕ್ಕೆ ಗದ್ದೆ ತೋಟಗಳ ಭಾಗ್ಯವುಂಟಾಯಿತು. ಹೊಳಲ್ಕೆರೆಯ ಕಡೆಯವರು ಅಡಕೆಯನ್ನೂ ತೆಂಗನ್ನೂ ನಂಬಿದರು. ಹೊಸದುರ್ಗದ ಕೆಂಪು ಹೊಲಗಳ ರೈತನು ಬಹುಕಾಲದಿಂದ ನೆಚ್ಚಿಕೊಂಡು ಬಂದಿರುವುದು ಸಾಮೆಯನ್ನು. ಮೂರು ತಿಂಗಳ ಆಸುಪಾಸಿನಲ್ಲಿ ಕೈಗೆ ಬರುವ, ಅರೆಮಳೆಗೂ ಮುನಿಯದ ಈ ಪೈರು ಬಡವನ ಪಾಲಿಗೆ ಬಂಧುವೇ ಸರಿ.

ಇಂತಹ ಧಾನ್ಯವು ನಮ್ಮ ಅಡಿಗೆಮನೆಗಳಿಂದ ಮರೆಯಾದುದೇಕೆ? ರುಚಿ ಕೆಟ್ಟಿತೆಂದಲ್ಲ, ಪಥ್ಯಕ್ಕೆ ಒಗ್ಗದೆಂದೂ ಅಲ್ಲ. ಕಾರಣವು ಅದರ ಸಿಪ್ಪೆಯಲ್ಲಿದೆ. ರಾಗಿಯನ್ನು ಒಕ್ಕಿ ತೂರಿದರೆ ಸಾಕು, ನೇರವಾಗಿ ಬೀಸಬಹುದು. ಸಾಮೆ, ನವಣೆ, ಹಾರಕ, ಊದಲುಗಳಿಗೆ ಹಾಗಲ್ಲ. ಅವುಗಳ ಮೈಮೇಲೆ ಭತ್ತಕ್ಕಿರುವಂತೆ ಗಟ್ಟಿಯಾದ ಹೊಟ್ಟು ಇರುವುದು. ಅದನ್ನು ಬಿಡಿಸುವ ಭಾರವೆಲ್ಲ ಹೆಂಗಸರ ರಟ್ಟೆಯ ಮೇಲೆ ಬಿದ್ದಿತ್ತು. ಒರಳಿನಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಿ, ಮತ್ತೆ ಕೇರಿ, ಕೊನೆಗೆ ಕಲ್ಲು ಆರಿಸುವಷ್ಟರಲ್ಲಿ ಅರ್ಧ ದಿನವೇ ಕಳೆಯುತ್ತಿತ್ತು. ಸೊಸೈಟಿಯ ಅಂಗಡಿಯಲ್ಲಿ ಅಗ್ಗದ ಬಿಳಿಯ ಅಕ್ಕಿ ದೊರೆಯುವಂತಾದಾಗ ಒರಳು ಮೂಲೆಗೆ ಸೇರಿದುದರಲ್ಲಿ ಆಶ್ಚರ್ಯವೇನು? ಆ ತಾಯಂದಿರನ್ನು ಸೋಮಾರಿಗಳೆಂದು ಬೈದು ಬರೆಯುವವರು ಒಂದು ಸೇರು ಸಾಮೆಯನ್ನು ತಾವೇ ಕುಟ್ಟಿ ನೋಡಬೇಕು.

ಅಕ್ಕಿಯ ಗಿರಣಿಯಿತ್ತಲ್ಲ, ಅದರಲ್ಲಿ ಹಾಕಬಾರದಿತ್ತೇ ಎಂದು ಕೇಳಬಹುದು. ಹಾಕಿ ನೋಡಿದವರುಂಟು. ಸಾವಿರ ಭತ್ತದ ಕಾಳು ಸುಮಾರು ೨೦ ಗ್ರಾಮಿಗೂ ಮೇಲೆ ತೂಗಿದರೆ, ಸಾವಿರ ಸಾಮೆಯ ಕಾಳು ತೂಗುವುದು ಎರಡು ಎರಡೂವರೆ ಗ್ರಾಮು ಮಾತ್ರ. ಭತ್ತಕ್ಕೆಂದು ಹೊಂದಿಸಿದ ರಬ್ಬರು ಉರುಳೆಗಳ ನಡುವೆ ಸಾಮೆಯು ಹಾಗೆಯೇ ನುಸುಳಿಹೋಗುತ್ತದೆ. ಉರುಳೆಗಳನ್ನು ಬಿಗಿ ಮಾಡಿದರೆ ನುಚ್ಚಾಗುತ್ತದೆ. ಆದಕಾರಣ ಕರ್ನಾಟಕದ ಕಿರುಧಾನ್ಯವು ಲಾರಿಯೇರಿ ಮಹಾರಾಷ್ಟ್ರದ ನಾಸಿಕದ ಗಿರಣಿಗಳವರೆಗೂ ಹೋಗಿ, ಅಲ್ಲಿ ಹೊಟ್ಟು ಕಳೆದುಕೊಂಡು, ಅಕ್ಕಿಯಾಗಿ ಮರಳಿ ನಮ್ಮ ಪೇಟೆಗೇ ಬರುವ ವಿಚಿತ್ರವು ನಡೆಯಿತು. ಬೆಳೆದವನಿಗೆ ಸಿಕ್ಕಿದ್ದು ಹೊಟ್ಟು ಸಹಿತವಾದ ಕಾಳಿನ ಬೆಲೆ. ಉಳಿದುದೆಲ್ಲ ದಾರಿಯಲ್ಲಿ ಹಂಚಿಹೋಯಿತು.

ಈ ಗಂಟನ್ನು ಬಿಚ್ಚಿದ್ದು ಬೇರೊಂದು ಬಗೆಯ ಯಂತ್ರ. ಅದರಲ್ಲಿ ಕಾಳನ್ನು ಉಜ್ಜುವುದಿಲ್ಲ. ವೇಗವಾಗಿ ತಿರುಗುವ ಚಕ್ರವೊಂದು ಅದನ್ನು ಸುತ್ತಲಿನ ಗೋಡೆಗೆ ಎಸೆಯುತ್ತದೆ. ಆ ಪೆಟ್ಟಿಗೆ ಸಿಪ್ಪೆಯೊಡೆದು ಅಕ್ಕಿ ಹೊರಬೀಳುತ್ತದೆ. ಗಾಳಿಯು ಹೊಟ್ಟನ್ನು ಹಾರಿಸಿಕೊಂಡು ಹೋಗುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಯಂತ್ರವನ್ನು ಕೊಂಡು ತಂದವನ ಕಷ್ಟವು ಅಲ್ಲಿಂದಲೇ ಮೊದಲು. ಒಂದು ಹೊಲದ ಕಾಳು ದಪ್ಪ, ಇನ್ನೊಂದರದು ಸಣ್ಣ. ಒಂದು ಚೀಲ ಒಣಗಿದೆ, ಇನ್ನೊಂದರಲ್ಲಿ ತೇವವಿದೆ. ದಪ್ಪ ಕಾಳಿಗೆ ಸರಿಯಾದ ವೇಗ ಸಣ್ಣದಕ್ಕೆ ಸಾಲದು. ಆದುದರಿಂದ ಮೊದಲು ಜರಡಿಯಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಬೇಕು, ಬಳಿಕ ಕಲ್ಲು ತೆಗೆಯಬೇಕು, ಆಮೇಲೆ ಯಂತ್ರಕ್ಕೆ ಕೊಡಬೇಕು. ಇಷ್ಟೆಲ್ಲ ಮಾಡಿಯೂ ಒಂದು ಕ್ವಿಂಟಲಿಗೆ ೬೦-೬೫ ಕಿಲೋ ಅಕ್ಕಿ ಬಂದರೆ ಪುಣ್ಯ. ಜರಡಿಯ ಕಣ್ಣು ಎಷ್ಟಿರಬೇಕು, ಚಕ್ರ ಎಷ್ಟು ತಿರುಗಬೇಕೆಂಬುದನ್ನು ಕೈಸುಟ್ಟುಕೊಂಡು ಕಲಿಯುವುದಲ್ಲದೆ ಬೇರೆ ಮಾರ್ಗವಿಲ್ಲ.

ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಜೋಸೆಫ್ ಷುಂಪೀಟರನು ೧೯೧೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಭೇದವನ್ನು ತೋರಿಸಿದನು. ಹೊಸದನ್ನು ಕಂಡುಹಿಡಿಯುವುದು ಬೇರೆ. ಅದನ್ನು ಜನಬಳಕೆಗೆ ತರುವುದು ಬೇರೆ. ಎರಡನೆಯದೇ ಉದ್ಯಮಿಯ ಕೆಲಸವೆಂದು ಆತನ ಮತ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ನಿದರ್ಶನವನ್ನೇ ನೋಡಿರಿ. ಅಲ್ಲಿ ಎನ್. ಜಿ. ಮಲ್ಲೇಶಿಯವರು ರಾಗಿಯನ್ನು ನೆನಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಮೇಲ್ಪದರವನ್ನು ತೆಗೆದು ಅನ್ನ ಮಾಡಬಲ್ಲ ರಾಗಿ ಅಕ್ಕಿಯನ್ನು ಸಾಧಿಸಿದರು. ಬಹು ದೊಡ್ಡ ಕೆಲಸ. ಆದರೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ರಾಗಿ ಅಕ್ಕಿಯ ಅನ್ನವಾಗಿದೆ? ಇದಕ್ಕೆ ಪ್ರತಿಯಾಗಿ ಬೆಂಗಳೂರಿನ ಎಂ.ಟಿ.ಆರ್. ಉಪಾಹಾರಗೃಹದ ಕಥೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವಾದಾಗ ರವೆಯಿಂದ ಇಡ್ಲಿ ಮಾಡಿ ನೋಡಿದೆವೆಂದು ಅವರು ಹೇಳಿಕೊಳ್ಳುತ್ತಾರೆ. ಅಲ್ಲಿ ಪ್ರಯೋಗಶಾಲೆಯೂ ಅಂಗಡಿಯೂ ಒಂದೇ ಸೂರಿನಡಿಯಲ್ಲಿದ್ದವು. ಗಿರಾಕಿಯು ತಟ್ಟೆಯಲ್ಲಿ ಬಿಟ್ಟುಹೋದುದೇ ಪರೀಕ್ಷೆಯ ಫಲಿತಾಂಶ.

ಸಾಮೆಯ ಗಿರಣಿಯವನಿಗೂ ಗುರುವೆಂದರೆ ಅಡಿಗೆಮನೆಯೇ. ಅಕ್ಕಿಯನ್ನು ಪೊಟ್ಟಣ ಕಟ್ಟಿ ಮಾರಿದೊಡನೆ ದೂರುಗಳು ಬರುವುವು. ಕಲ್ಲು ಸಿಕ್ಕಿತೆಂದು ಒಬ್ಬರು, ಅನ್ನ ಮುದ್ದೆಯಾಯಿತೆಂದು ಇನ್ನೊಬ್ಬರು. ಕಲ್ಲಿನ ದೂರಿಗೆ ಯಂತ್ರ ಬೇಕು; ಮುದ್ದೆಯ ದೂರಿಗೆ ಪೊಟ್ಟಣದ ಮೇಲೆ ನೀರಿನ ಅಳತೆಯನ್ನು ಅಚ್ಚು ಹಾಕಿದರೆ ಸಾಕು. ಅನ್ನವನ್ನು ಒಲ್ಲದವರಿಗೆ ರವೆ, ದೋಸೆಹಿಟ್ಟು, ಅವಲಕ್ಕಿಗಳಾದವು. ಹೊಸ ಸರಕುಗಳಲ್ಲಿ ಬಹುಪಾಲು ಹೀಗೆ ಒಂದೊಂದು ದೂರಿನ ಬೆನ್ನುಹತ್ತಿ ಹುಟ್ಟಿದವು ಎಂದು ನನ್ನ ಅಭಿಪ್ರಾಯ. ಹಣವಿದ್ದು ಹೊಸ ಯೋಚನೆಯಿಲ್ಲದವನು ನಾಸಿಕಕ್ಕೆ ಲಾರಿ ಕಳುಹಿಸುವ ದಲ್ಲಾಳಿಯಾಗಿಯೇ ಉಳಿದಾನು. ಯೋಚನೆಯಿದ್ದು ಹಣ ಹೂಡಲಾರದವನ ಯಂತ್ರ ಮೇಳದ ಮಳಿಗೆಯಲ್ಲಿ ಪ್ರದರ್ಶನಕ್ಕೆ ನಿಂತೀತು.

ಸರ್ಕಾರವೂ ಸುಮ್ಮನಿರಲಿಲ್ಲ. ೨೦೧೯-೨೦ರಲ್ಲಿ ಕರ್ನಾಟಕ ಸರ್ಕಾರವು ರೈತಸಿರಿ ಎಂಬ ಯೋಜನೆಯಿಂದ ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ ೧೦,೦೦೦ ರೂಪಾಯಿಗಳ ಸಹಾಯವನ್ನು ಘೋಷಿಸಿತು. ೨೦೨೩ನ್ನು ವಿಶ್ವಸಂಸ್ಥೆಯು ಕಿರುಧಾನ್ಯಗಳ ವರ್ಷವೆಂದು ಆಚರಿಸಿತು. ಬೆಳೆಯುವವನಿಗೆ ಇದರಿಂದ ಧೈರ್ಯ ಬಂದುದು ನಿಜ. ಆದರೆ ಮೊದಲಿನ ತೊಡಕು ಬೆಳೆಯುವುದರಲ್ಲಿರಲಿಲ್ಲವಷ್ಟೆ.

ಇನ್ನೊಂದು ತೊಡಕು ಈಗಲೂ ಉಳಿದಿದೆ. ಹೊಟ್ಟಿನೊಳಗಿರುವ ಸಾಮೆಯು ವರ್ಷಗಟ್ಟಲೆ ಕೆಡುವುದಿಲ್ಲ. ಬರಗಾಲಕ್ಕೆಂದು ಹಿರಿಯರು ಅದನ್ನು ಕಣಜದಲ್ಲಿಡುತ್ತಿದ್ದುದು ಈ ಗುಣದಿಂದಲೇ. ಹೊಟ್ಟು ಬಿಟ್ಟೊಡನೆ ತೌಡಿನಲ್ಲಿರುವ ಎಣ್ಣೆಗೆ ಗಾಳಿ ತಗಲಿ ಕೆಲವೇ ತಿಂಗಳಲ್ಲಿ ಕಮಟುವಾಸನೆ ಹಿಡಿಯುವುದು. ತೌಡನ್ನೆಲ್ಲ ತೆಗೆದು ಬೆಳ್ಳಗೆ ಮಾಡಿದರೆ ಹೆಚ್ಚು ದಿನ ಬಾಳುವುದು, ಆದರೆ ಸಾಮೆಯ ಸತ್ತ್ವವೂ ಅದರೊಡನೆ ಹೋಗುವುದು. ಅದಕ್ಕಾಗಿ ಕಾಳನ್ನು ಹೊಟ್ಟಿನೊಡನೆಯೇ ಕೂಡಿಟ್ಟು, ಬೇಡಿಕೆ ಬಂದಷ್ಟನ್ನು ಮಾತ್ರ ಆಗಾಗ ಬಿಡಿಸಿ ಕಳುಹಿಸುವ ಕ್ರಮವುಂಟು. ಮುಂದಿನ ಸಲ ಅಂಗಡಿಯಲ್ಲಿ ಸಾಮೆಯಕ್ಕಿಯ ಪೊಟ್ಟಣವನ್ನು ಕೈಗೆತ್ತಿಕೊಂಡಾಗ ಬೆಲೆಗಿಂತ ಮೊದಲು ಅದನ್ನು ಪೊಟ್ಟಣ ಕಟ್ಟಿದ ತಾರೀಕನ್ನು ನೋಡಿರಿ.