ಮಲೇರಿಯಾಕ್ಕೆ ಜೋಡಿಮದ್ದು

ಕಪಿಲೆಯ ದಡದ ನಂಜನಗೂಡು ಮತ್ತು ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ, ಎರಡೂ ನಾಲೆ ನೀರಿನಲ್ಲಿ ಭತ್ತ ಬೆಳೆಯುವ ಸೀಮೆಗಳು. ಗ್ರಾಮೀಣ ಭಾರತದಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಯಾದ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಇಂಥ ನಾಲೆ, ಗದ್ದೆಗಳ ನೀರಿನಲ್ಲೇ ಮೊಟ್ಟೆಯಿಡುವುದರಿಂದ, ರೋಗ ವಿರಳವಾದ ಕಡೆಯಲ್ಲೂ ಹೊರಗಿನಿಂದ ಸೋಂಕು ಹೊತ್ತು ಬಂದ ಒಬ್ಬರಿಂದ ಅದು ಮರುಕಳಿಸಬಹುದು; ಚಿಕ್ಕ ಮಕ್ಕಳಲ್ಲಿ ಅದು ಬೇಗ ಉಲ್ಬಣಿಸುತ್ತದೆ.

ಮಲೇರಿಯಾದ ಪರೋಪಜೀವಿ ಕೆಂಪು ರಕ್ತಕಣದೊಳಗೆ ಸೇರಿ ಹಿಮೋಗ್ಲೋಬಿನ್ ತಿಂದು, ಉಳಿಯುವ ಹೀಮ್ ಎಂಬ ವಿಷವಸ್ತುವನ್ನು ನಿರಪಾಯಕಾರಿ ಹರಳಾಗಿಸಿಕೊಳ್ಳುತ್ತದೆ. ಈ ಹರಳುಗಟ್ಟುವಿಕೆಯನ್ನು ತಡೆಯುವ ಕ್ಲೋರೊಕ್ವಿನ್ನನ್ನು ಹೊರದೂಡಬಲ್ಲ, ಫಾಲ್ಸಿಪಾರಮ್ ಎಂಬ ಪರೋಪಜೀವಿ ಪ್ರಭೇದದ ತಳಿಗಳು ಹುಟ್ಟಿಕೊಂಡಾಗ ಮದ್ದು ಸೋತಿತು. ಭಾರತದಲ್ಲಿ ಇದು ಮೊದಲು ಕಂಡದ್ದು 1973ರಲ್ಲಿ, ಅಸ್ಸಾಮಿನಲ್ಲಿ.

ಬೇರೆ ಬೇರೆ ರೀತಿಯಲ್ಲಿ ಕೊಲ್ಲುವ ಎರಡು ಮದ್ದುಗಳನ್ನು ಒಟ್ಟಿಗೆ ಕೊಡುವುದು ಇದಕ್ಕೆ ಕಂಡುಕೊಂಡ ಉಪಾಯ. ಹತ್ತು ಲಕ್ಷ ಪರೋಪಜೀವಿಗಳಲ್ಲಿ ಒಂದು ಮೊದಲ ಮದ್ದಿಗೂ ಅಷ್ಟರಲ್ಲೇ ಇನ್ನೊಂದು ಎರಡನೆಯದಕ್ಕೂ ಜಗ್ಗದೆಂದು ಇಟ್ಟುಕೊಂಡರೆ, ಎರಡಕ್ಕೂ ಜಗ್ಗದ್ದು ಲಕ್ಷ ಕೋಟಿಯಲ್ಲಿ ಒಂದು ಮಾತ್ರ. ಆರ್ಟೆಸುನೇಟ್ 48 ಗಂಟೆಗಳ ಒಂದು ಜೀವಚಕ್ರದಲ್ಲಿ ಪರೋಪಜೀವಿಗಳ ಸಂಖ್ಯೆಯನ್ನು ಸುಮಾರು ಹತ್ತು ಸಾವಿರ ಪಟ್ಟು ಇಳಿಸಿ ಕೆಲವೇ ಗಂಟೆಗಳಲ್ಲಿ ದೇಹದಿಂದ ಮರೆಯಾದರೆ, ಪರೋಪಜೀವಿಯ ಫೋಲೇಟ್ ತಯಾರಿಕೆಯನ್ನು ನಿಲ್ಲಿಸುವ ಸಲ್ಫಾಡಾಕ್ಸಿನ್-ಪೈರಿಮೆಥಮೈನ್ ದಿನಗಟ್ಟಲೆ ಉಳಿದು ಅಳಿದುಳಿದವನ್ನು ತೀರಿಸುತ್ತದೆ. 2010ರಿಂದ ದೇಶದಾದ್ಯಂತ ಫಾಲ್ಸಿಪಾರಮ್‌ಗೆ ಇಂಥ ಜೋಡಿಚಿಕಿತ್ಸೆಯೇ ನಿಯಮವಾಗಿದೆ.

ಆದರೆ ಜೋಡಿಯಲ್ಲಿ ಒಂದು ಸೋತರೆ ಇನ್ನೊಂದಕ್ಕೆ ಕಾವಲಿರುವುದಿಲ್ಲ. ಈಶಾನ್ಯ ರಾಜ್ಯಗಳಲ್ಲಿ ಸಲ್ಫಾಡಾಕ್ಸಿನ್-ಪೈರಿಮೆಥಮೈನ್ ಕೈಕೊಟ್ಟದ್ದರಿಂದ 2013ರಲ್ಲಿ ಅಲ್ಲಿ ಆರ್ಟೆಮೆಥರ್-ಲ್ಯೂಮೆಫ್ಯಾಂಟ್ರಿನ್ ಜೋಡಿಯನ್ನು ತರಬೇಕಾಯಿತು. ಆಗ್ನೇಯ ಏಷ್ಯಾ ಮತ್ತು ಪೂರ್ವ ಆಫ್ರಿಕದಲ್ಲಿ ಕೆಲ್ಚ್-13 ಎಂಬ ಜೀನಿನ ಬದಲಾವಣೆಯಿಂದ ಆರ್ಟೆಸುನೇಟ್, ಆರ್ಟೆಮೆಥರ್‌ಗಳು ಸೇರಿದ ಆರ್ಟೆಮಿಸಿನಿನ್ ಗುಂಪಿನ ಮದ್ದುಗಳೂ ನಿಧಾನವಾಗಿ ಕೊಲ್ಲುತ್ತಿರುವ ಕಾರಣ ಮೂರು ಮದ್ದುಗಳ ಮಿಶ್ರಣಗಳ ಪರೀಕ್ಷೆ ನಡೆದಿದೆ.

ಮಕ್ಕಳಲ್ಲಿ ಪ್ರಮಾಣವೇ ನಿರ್ಣಾಯಕ, ಏಕೆಂದರೆ ಕಡಿಮೆ ಮದ್ದು ಕಂಡ ಪರೋಪಜೀವಿಗಳಲ್ಲಿ ಜಗ್ಗದವೇ ಉಳಿದು ಬೆಳೆಯುತ್ತವೆ. ಅದಕ್ಕೆಂದೇ ಸರ್ಕಾರಿ ಕಾರ್ಯಕ್ರಮದಲ್ಲಿ ಆರ್ಟೆಸುನೇಟ್ ಜೋಡಿಯ ಪೊಟ್ಟಣಗಳಿಗೆ ವಯಸ್ಸಿಗೊಂದು ಬಣ್ಣ: ವರ್ಷ ತುಂಬದ ಕೂಸಿಗೆ ಗುಲಾಬಿ, 1ರಿಂದ 4ಕ್ಕೆ ಹಳದಿ, 5ರಿಂದ 8ಕ್ಕೆ ಹಸಿರು, 9ರಿಂದ 14ಕ್ಕೆ ಕೆಂಪು. ಸಲ್ಫಾಡಾಕ್ಸಿನ್-ಪೈರಿಮೆಥಮೈನ್ ಮೊದಲ ದಿನ ಮಾತ್ರ, ಆರ್ಟೆಸುನೇಟ್ ಮೂರು ದಿನ. ವೈವಾಕ್ಸ್ ಮಲೇರಿಯಾಕ್ಕೆ ಭಾರತದಲ್ಲಿ ಈಗಲೂ ಕ್ಲೋರೊಕ್ವಿನ್ ಸಲ್ಲುವುದರಿಂದ, ರಕ್ತಪರೀಕ್ಷೆಯಲ್ಲಿ ಪ್ರಭೇದ ತಿಳಿದ ಮೇಲೆಯೇ ಮದ್ದು ಆರಿಸಬೇಕು; ಜ್ವರ ಇಳಿದರೂ ಮೂರನೆಯ ದಿನದ ಮಾತ್ರೆ ನುಂಗಿಸದೆ ಬಿಡಬಾರದು.