ಬಿ.ಇ. ಜೊತೆಗೊಂದು ಬಿ.ಎ.

‘ಎರಡು ದೋಣಿ ಮ್ಯಾಲೆ ಕಾಲಿಟ್ರೆ ನಡುನೀರಾಗೆ ಬೀಳ್ತೀಯ ನೋಡು.’

ಸಿವಿಲ್ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್‌ನಲ್ಲಿದ್ದಾಗ, ದೂರಶಿಕ್ಷಣದಲ್ಲಿ ಬಿ.ಎ.ಗೂ ಸೇರುತ್ತೇನೆ ಎಂದಿದ್ದಕ್ಕೆ ಅಪ್ಪ ಹೇಳಿದ ಮಾತಿದು. ಅಪ್ಪನದು ತಪ್ಪಲ್ಲ. ಎರಡೆಕರೆ ಹೊಲದ ಮೇಲೆ ಸಾಲ ತೆಗೆದು ಓದಿಸುತ್ತಿದ್ದವರಿಗೆ ಮಗನ ಇತಿಹಾಸ, ಸಮಾಜಶಾಸ್ತ್ರದ ಹುಚ್ಚು ಹೇಗೆ ತಾನೇ ಹಿಡಿಸೀತು?

ನನಗೆ ಧೈರ್ಯ ಕೊಟ್ಟಿದ್ದು ಪ್ರತಿ ಸೆಪ್ಟೆಂಬರ್ 15ರಂದು ನಾವು ಹಾರ ಹಾಕುವ ಫೋಟೊ. ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲು ಪಡೆದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬಿ.ಎ. ಪದವಿ. ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದ್ದು ಆಮೇಲೆ. ಅಣೆಕಟ್ಟೆಗಳ ಕೆಲಸ ಮಾಡಿದ ಅದೇ ಕೈ 1934ರಲ್ಲಿ ದೇಶದ ಆರ್ಥಿಕ ಯೋಜನೆ ಕುರಿತು ಪುಸ್ತಕವನ್ನೂ ಬರೆಯಿತು.

ನಮ್ಮ ಕಾಲಕ್ಕೆ ನಿಯಮವೂ ಸಡಿಲವಾಗಿದೆ. ಏಕಕಾಲಕ್ಕೆ ಎರಡು ಪದವಿ ಓದಲು ಯುಜಿಸಿ 2022ರ ಏಪ್ರಿಲ್‌ನಲ್ಲಿ ಅವಕಾಶ ಕೊಟ್ಟಿತು. ಎರಡನ್ನೂ ಕಾಲೇಜಿಗೆ ಹೋಗಿ ಓದುವುದಾದರೆ ತರಗತಿಗಳ ವೇಳೆ ಒಂದರ ಮೇಲೊಂದು ಬರಬಾರದು. ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಓದಬಹುದು. ಪಿಎಚ್.ಡಿ.ಗೆ ಇದು ಅನ್ವಯಿಸುವುದಿಲ್ಲ.

ಓದೇನೋ ಶುರುವಾಯಿತು. ಐದನೇ ಸೆಮಿಸ್ಟರ್‌ನಲ್ಲಿ ಎರಡೂ ಕಡೆಯ ಪರೀಕ್ಷೆ ಒಂದೇ ದಿನ ಬಂತು. ಬಿ.ಎ. ಪತ್ರಿಕೆ ಬಿಟ್ಟೆ. ಅದನ್ನು ಬರೆಯಲು ಮತ್ತೊಂದು ವರ್ಷ ಕಾಯಬೇಕಾಯಿತು. ‘ನಾನು ಹೇಳಲಿಲ್ವಾ?’ ಎಂಬಂತೆ ಅಪ್ಪ ನೋಡಿದರು, ಬಾಯಿ ಬಿಡಲಿಲ್ಲ.

ಆ ಓದು ಕೈಹಿಡಿದದ್ದು ಇಂಟರ್ನ್‌ಶಿಪ್‌ನಲ್ಲಿ. ಹಳ್ಳಿಯೊಂದರಲ್ಲಿ ಕಿರು ನೀರಿನ ಟ್ಯಾಂಕ್‌ಗೆ ಜಾಗ ಗುರುತಿಸಬೇಕಿತ್ತು. ಲೆವೆಲ್ ತೆಗೆದು, ಪೈಪಿನ ಉದ್ದ ಲೆಕ್ಕ ಹಾಕಿದರೆ ಗುಡಿ ಮುಂದಿನ ಜಾಗವೇ ಸರಿಹೊಂದುತ್ತಿತ್ತು. ಖರ್ಚೂ ಕಡಿಮೆ. ಆದರೆ ಸಮಾಜಶಾಸ್ತ್ರದ ಪುಸ್ತಕದಲ್ಲಿ ಊರು-ಕೇರಿ ಬಗ್ಗೆ ಓದಿದ್ದು ತಲೆಯಲ್ಲಿತ್ತು. ಕೇರಿಗೆ ಹೋಗಿ ಕೇಳಿದೆ. ‘ಗುಡಿ ಮುಂದೆ ಇಟ್ರೆ ನಮ್ ಕೊಡ ತುಂಬಿದಂಗೇ ಬಿಡಪ್ಪ’ ಎಂದು ಅಜ್ಜಿಯೊಬ್ಬರು ನಕ್ಕರು. ಆ ನಗು ಇವತ್ತಿಗೂ ಚುಚ್ಚುತ್ತದೆ. ನನ್ನ ಲೆಕ್ಕದಲ್ಲಿ ಎಲ್ಲ ಇತ್ತು, ಆ ಕೊಡವೊಂದು ಇರಲಿಲ್ಲ.

ಕೇರಿಯ ಬಳಿ ಇನ್ನೊಂದು ಜಾಗ ಸೂಚಿಸಿದೆ. ‘ಇದು ಡಿಸೈನ್‌ಗೆ ಸಂಬಂಧಪಟ್ಟಿದ್ದಲ್ಲ’ ಎಂದ ಮಾರ್ಗದರ್ಶಕರು, ಎರಡು ದಿನದ ನಂತರ ಅದನ್ನು ವರದಿಗೆ ಸೇರಿಸಿದರು.

ಎರಡು ಪದವಿ ಇದ್ದರೆ ಸಂಬಳ ದುಪ್ಪಟ್ಟಾಗುತ್ತದೆ ಎಂದುಕೊಳ್ಳಬೇಡಿ. ಸಂದರ್ಶನವೊಂದರಲ್ಲಿ ‘ಬಿ.ಎ. ಯಾಕೆ? ಎಂಜಿನಿಯರಿಂಗ್‌ನಲ್ಲಿ ಆಸಕ್ತಿ ಇರಲಿಲ್ವಾ?’ ಎಂದು ಕೇಳಿದರು. ತಡವರಿಸಿದೆ, ಕೆಲಸ ಸಿಗಲಿಲ್ಲ. ಮುಂದಿನ ಸಂದರ್ಶನದಲ್ಲಿ ಆ ಅಜ್ಜಿಯ ಕತೆ ಹೇಳಿದೆ. ಈಗ ನೀರು ಸರಬರಾಜು ಕಾಮಗಾರಿಯೊಂದರಲ್ಲಿ ಸೈಟ್ ಎಂಜಿನಿಯರ್.

ನೀವೂ ಈ ದಾರಿ ಹಿಡಿಯುವುದಾದರೆ ಒಂದೆರಡು ಮಾತು. ದೂರಶಿಕ್ಷಣದ ಕೋರ್ಸ್‌ಗೆ ಯುಜಿಸಿ ಮಾನ್ಯತೆ ಇದೆಯೇ ನೋಡಿ. ನಿಮ್ಮ ವಿಶ್ವವಿದ್ಯಾಲಯದ ನಿಯಮವನ್ನು ಮೊದಲೇ ವಿಚಾರಿಸಿ. ಬ್ಯಾಕ್‌ಲಾಗ್ ಇದ್ದರೆ ಅದನ್ನು ಮುಗಿಸಿ. ಯುಪಿಎಸ್‌ಸಿ ಕನಸಿದ್ದವರಿಗೆ ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಸಾಹಿತ್ಯ ಮೂರೂ ಐಚ್ಛಿಕ ವಿಷಯಗಳಾಗಿ ಸಿಗುತ್ತವೆ. ಓದಿದ್ದು ಎಲ್ಲಿಗೂ ಹೋಗುವುದಿಲ್ಲ.

ಮೊನ್ನೆ ಅಪ್ಪನ ಫೋನ್ ಬಂತು. ‘ನಿನ್ನ ಬಿ.ಎ. ಪುಸ್ತಕ ಎಲ್ಲಿಟ್ಟೀಯ? ತಂಗಿ ಕೇಳ್ತಾಳೆ.’ ತಂಗಿ ಓದುತ್ತಿರುವುದು ಡಿಪ್ಲೊಮಾ. ದೋಣಿಯ ಮಾತನ್ನು ಅಪ್ಪ ಎತ್ತಲಿಲ್ಲ.