ಬ್ರೆಡ್‌ಗೆ ಫ್ರಿಜ್ ಆಗಿಬರುವುದಿಲ್ಲ

ಪ್ರಶ್ನೆ: ಬ್ರೆಡ್ ಮೇಕರ್‌ನಲ್ಲಿ ಮಾಡಿದ ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೂ ಮರುದಿನವೇ ಗಟ್ಟಿಯಾಗುತ್ತದೆ. ಏಕೆ?

ಉತ್ತರ: ಫ್ರಿಜ್ಜಿನಲ್ಲಿಟ್ಟಿದ್ದೇ ಮುಖ್ಯ ಕಾರಣ. ಬೇಯುವಾಗ ಹಿಟ್ಟಿನ ಪಿಷ್ಟ ನೀರು ಹೀರಿ ಮೆತ್ತಗಾಗುತ್ತದೆ. ಆರಿದ ಮೇಲೆ ಅದರ ಅಣುಗಳು ಮತ್ತೆ ಒತ್ತೊತ್ತಾಗಿ ಸೇರಿಕೊಂಡು ಬಿಗಿಯಾಗುತ್ತವೆ. ಫ್ರಿಜ್ಜಿನ ತಂಪಿನಲ್ಲಿ, ಅಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಈ ಕ್ರಿಯೆ ಕೋಣೆಯ ಬಿಸುಪಿಗಿಂತ ಬಲು ಬೇಗ ನಡೆಯುತ್ತದೆ. ಗಾಳಿಯಾಡದಂತೆ ಸುತ್ತಿಟ್ಟರೂ ಇದು ತಪ್ಪದು. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಮಾತ್ರ ಬಹುಮಟ್ಟಿಗೆ ನಿಲ್ಲುತ್ತದೆ.

ಅಂಗಡಿಯ ಬ್ರೆಡ್ಡಿಗೆ ಮೆದುವಾಗಿಡುವ, ಬೂಷ್ಟು ತಡೆಯುವ ಪದಾರ್ಥಗಳನ್ನು ಸಾಮಾನ್ಯವಾಗಿ ಸೇರಿಸಿರುತ್ತಾರೆ. ನಿಮ್ಮದರಲ್ಲಿ ಅವಿಲ್ಲ, ನನ್ನ ಮಟ್ಟಿಗೆ ಅದೇ ಅದರ ಹೆಚ್ಚುಗಾರಿಕೆ.

ಬೆಂದ ಕೂಡಲೇ ಬ್ರೆಡ್ಡನ್ನು ಯಂತ್ರದಿಂದ ತೆಗೆಯಿರಿ, ಇಲ್ಲದಿದ್ದರೆ ಹಬೆಯಿಂದ ಹೊರಪದರ ಒದ್ದೆಯಾಗುತ್ತದೆ. ತಂತಿಯ ಜಾಲರಿಯ ಮೇಲೆ ಪೂರ್ತಿ ಆರಿಸಿ, ಆಮೇಲೆ ಕತ್ತರಿಸಿ. ಒಂದೆರಡು ದಿನಕ್ಕೆ ಬೇಕಾದಷ್ಟನ್ನು ಹೊರಗೆ ಡಬ್ಬಿಯಲ್ಲಿಟ್ಟು, ಮಿಕ್ಕ ಹೋಳುಗಳನ್ನು ಫ್ರೀಜರಿಗೆ ಹಾಕಿ. ಬೇಕಾದಾಗ ನೇರವಾಗಿ ಟೋಸ್ಟ್ ಮಾಡಿದರೆ ಪಿಷ್ಟ ಮತ್ತೆ ಸಡಿಲಗೊಂಡು ಮೆತ್ತಗಾಗುತ್ತದೆ.

ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಹೊರಗಿಟ್ಟ ಬ್ರೆಡ್ಡಿಗೆ ಬೇಗ ಬೂಷ್ಟು ಬರುತ್ತದೆ. ಬಂದ ಭಾಗವನ್ನಷ್ಟೇ ಕಿತ್ತು ತಿನ್ನಬೇಡಿ. ಅದರ ಎಳೆಗಳು ಕಣ್ಣಿಗೆ ಕಾಣದೆ ಒಳಗೂ ಹರಡಿರುತ್ತವೆ. ಇಡೀ ಬ್ರೆಡ್ಡನ್ನೇ ಎಸೆದುಬಿಡಿ.